ಕವರಿನ ಮೇಲಿನ ಕುಂಕುಮ

ಕೆಂಗೇರಿಯ ಕಾಲೇಜೊಂದರಲ್ಲಿ ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಪಾಠ ಮಾಡ್ತೀನಿ. ಒಮ್ಮೆ ನಮ್ಮ ಹುಡುಗರಿಗೆ ಆಸ್ಪತ್ರೆ ಕೆಲಸ ಹೇಗಿರುತ್ತೆ ಅಂತ ಹೇಳೋಕೆ ವಿಜಯನಗರದಿಂದ ಹಿರಿಯ ನರ್ಸ್ ಒಬ್ಬರನ್ನ ಕರೆಸಿದ್ದೆ.

ಲ್ಯಾಬಿನ ಇಸಿಜಿ ಮಷೀನ್ ನೋಡಿ ಅವರು ನಕ್ಕುಬಿಟ್ಟರು. "ಏನ್ ಸಾರ್, ಆಯುಧಪೂಜೆ ಕುಂಕುಮ ಪ್ಲಾಸ್ಟಿಕ್ ಕವರ್ ಮೇಲೇ ಇದೆ! ಬಿಚ್ಚೇ ಇಲ್ವಾ?"

"ಹುಡುಗರು ಕೆಡಿಸ್ಬಿಡ್ತಾರೆ ಸಿಸ್ಟರ್."

"ಕೆಡಿಸ್ಲಿ ಬಿಡಿ. ನಾಳೆ ವಾರ್ಡಲ್ಲಿ ಕೆಟ್ಟಾಗ ರಿಪೇರಿಗೆ ಬರೋರು ಇವರೇ ತಾನೆ?"

ಅಂದವರೇ ಕವರ್ ಕಿತ್ತು, ನನ್ನನ್ನೇ ಬೆಂಚಿನ ಮೇಲೆ ಮಲಗಿಸಿದರು. ಹುಡುಗರು ನನ್ನ ಎದೆಗೆ ವೈರ್ ಹಚ್ಚಿ, ಕಾಗದದ ಮೇಲೆ ಓಡಿದ ಗೆರೆ ನೋಡಿ ಕೇಕೆ ಹಾಕಿದರು.

"ಎದೆ ಎಷ್ಟ್ ಜೋರಾಗಿ ಹೊಡ್ಕೊಳ್ತಿದೆ ನೋಡಿ," ಅಂದರು ಸಿಸ್ಟರ್. "ಮಷೀನಿಗೇನಾಗುತ್ತೋ ಅಂತ ಕಣ್ರಪ್ಪಾ!"

ಈ ಸಲ ಆಯುಧಪೂಜೆಗೆ ಲ್ಯಾಬಿಗೆ ಹೋದರೆ ಹುಡುಗರು ಆ ಮಷೀನನ್ನ ಪೂರ್ತಿ ಬಿಚ್ಚಿ ಹರಡಿಕೊಂಡಿದ್ದರು. ಒಂದೊಂದು ಸ್ಕ್ರೂಗೂ ಬೊಟ್ಟಿಡುವಷ್ಟರಲ್ಲಿ ಕುಂಕುಮದ ಬಟ್ಟಲು ಖಾಲಿ.