ತನ್ನ ಉಸಿರಲ್ಲೇ ಓಡುವ ಕಾರು

ಇವತ್ತು ಸತ್ವಾ ಬಡಾವಣೆಯ ಸಿಗ್ನಲ್‌ನಲ್ಲಿ ಪಕ್ಕದ ಕಾರೊಂದು ಸಣ್ಣಗೆ ಶಿಳ್ಳೆ ಹಾಕುತ್ತ ಮುನ್ನುಗ್ಗಿತು. ಹಿಂದೆ ಇದೇ ಬೀದಿಯ ಗ್ಯಾರೇಜಿನಲ್ಲಿ ಅಪ್ಪ ರಜೆಯ ಶುಕ್ರವಾರಗಳಂದು ನಾಲ್ಕು ಸಿಲಿಂಡರಿನ ಎಂಜಿನ್ ಕಟ್ಟುತ್ತಿದ್ದರು. ಗಾಳಿ ಒಳಹೋಗುವ ದಾರಿಯನ್ನು ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು.

“ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಹಾಕಿದರೆ ಬೇರೆಯವರಿಂದ ಊದಿಸಿಕೊಂಡ ಹಾಗೆ, ಮಗಾ. ಶಿಳ್ಳೆ ಕೇಳಿದರೆ ಟರ್ಬೋ ಅಂತ ತಿಳಿ. ನಮ್ಮದು ತನ್ನ ಉಸಿರಲ್ಲೇ ಓಡಬೇಕು.”

ಶಾಲೆಯಲ್ಲೆಲ್ಲ ನಾನು ಇದನ್ನೇ ಸಾರಿದ್ದೆ.

ಕಾರು ಸಿದ್ಧವಾದ ದಿನ ನನ್ನ ಗೆಳೆಯ ಅನ್ವರನನ್ನೂ ಹತ್ತಿಸಿಕೊಂಡರು. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಶಿಳ್ಳೆ ಕೇಳಿಸಿತು. ಅನ್ವರ ನನ್ನ ಮುಖ ನೋಡಿದ.

“ಅಪ್ಪಾ, ಅದೇನು?”

“ಗಾಳಿ, ಮಗಾ,” ಎಂದು ಅಪ್ಪ ಕಿಟಕಿ ಏರಿಸಿದರು. ಶಿಳ್ಳೆ ಇನ್ನೂ ಸ್ಪಷ್ಟವಾಯಿತು.

ಇವತ್ತು ಬಿಸಿಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ಆ ಕಾರಿನ ಶಿಳ್ಳೆ ಮರೆಯಾಗುವವರೆಗೂ ನಾನು ಕಿಟಕಿ ಏರಿಸಲಿಲ್ಲ.