ನಾರಿನ ಪುಡಿಗೆ ಎರವಲು ನಾಲಿಗೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಜರ್ಬೆರಾ ಹೂ ಬೆಳೆಸುವ ಮೇಸ್ತ್ರಿ. ಅಲ್ಲಿ ಗಿಡ ನೆಡುವುದು ಮಣ್ಣಿನಲ್ಲಲ್ಲ, ತೆಂಗಿನ ನಾರಿನ ಪುಡಿಯಲ್ಲಿ. ಅದರಲ್ಲಿ ಉಪ್ಪು ಉಳಿದರೆ ಎಲೆಯ ಅಂಚು ಸುಡುತ್ತದೆ. ಅಳೆಯಲು ಮೀಟರ್ ಇದೆಯಂತೆ. ಭಾವ ಅದನ್ನು ಮಕ್ಕಳಾಟ ಎನ್ನುತ್ತಾರೆ. ಪುಡಿ ನೆನೆಸಿ, ಹಿಂಡಿ, ಆ ಕಂದು ನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ತೀರ್ಪು ಕೊಡುವುದು ಅವರ ಇಪ್ಪತ್ತು ವರ್ಷದ ಪದ್ಧತಿ. ಹೋದ ಸಲ ಮಾತ್ರ ತೀರ್ಪು ತಪ್ಪಿ ಒಂದಿಡೀ ಸಾಲು ಸುಟ್ಟುಹೋಗಿತ್ತು. ಇನ್ನೊಮ್ಮೆ ಹೀಗಾದರೆ ಮನೆಯಲ್ಲೇ ಇದ್ದುಬಿಡಿ ಎಂದು ಮಾಲೀಕರು ಮೆತ್ತಗೆ ಹೇಳಿದ್ದರು.

ಈ ಸಲ ಇಬ್ಬರು ವ್ಯಾಪಾರಿಗಳಿಂದ ಪುಡಿಯ ಒಂದೊಂದು ಮಾದರಿ ಚೀಲ ಬಂದಿತ್ತು. ಸಂಜೆಯೊಳಗೆ ಒಂದನ್ನು ಆರಿಸಬೇಕು. ಅಂಥ ದಿನವೇ ಭಾವ ಅವಸರದಲ್ಲಿ ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟುಕೊಂಡರು. ಬದಲಿ ನಾಲಿಗೆಯಾಗಿ ನನಗೆ ಕರೆ ಬಂತು. ಮನೆಯಲ್ಲಿ ಕೂತು ಬರೆಯುವವನಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದು ನಮ್ಮ ಬಂಧುವರ್ಗದ ನಂಬಿಕೆ. ಪೂರ್ತಿ ಸುಳ್ಳೂ ಅಲ್ಲ.

ಮೊದಲ ಚೀಲದ ಪುಡಿ ಹಿಂಡಿದ ನೀರಿನ ಲೋಟ ಕೊಟ್ಟರು. "ಉಪ್ಪು" ಅಂದೆ. ಎರಡನೆಯದು. "ಇದೂ ಉಪ್ಪು."

ಎರಡೂ ಪುಡಿಯನ್ನು ಮೂರು ನೀರಿನಲ್ಲಿ ತೊಳೆದು ತಂದರು. ಆಗಲೂ ಎರಡೂ ಉಪ್ಪೇ. ಭಾವ ಅನುಮಾನದಿಂದ ಬರೀ ನಲ್ಲಿ ನೀರು ಕೊಟ್ಟರು.

"ಇದೂ ಒಂಚೂರು ಉಪ್ಪೇ, ಭಾವ."

"ನಿನ್ನ ನಾಲಿಗೆಗೇನು ಬಂತೋ?"

"ಡಾಕ್ಟರು ಆರು ತಿಂಗಳಿಂದ ಉಪ್ಪು ಬಿಡಿಸಿದಾರೆ. ಈಗ ಗಾಳಿನೂ ಉಪ್ಪುಪ್ಪಾಗೇ ಇರುತ್ತೆ."

"ಮೊದಲೇ ಹೇಳೋಕೇನಾಗಿತ್ತು ಧಾಡಿ?"

"ನೀವು ಕೇಳಿದ್ದು ನಾಲಿಗೆ. ಆರೋಗ್ಯ ಯಾರು ವಿಚಾರಿಸಿದ್ರು?"

ಭಾವ ಬಕೆಟ್ ಬೋರಲು ಹಾಕಿ ಅದರ ಮೇಲೆ ತಲೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಎದ್ದರು.

"ಸರಿ. ಉಪ್ಪಿದೆಯಾ ಇಲ್ವಾ ಅಂತ ಹೇಳ್ಲೇಬೇಡ. ಇವೆರಡರಲ್ಲಿ ನಲ್ಲಿ ನೀರಿನ ಥರಾನೇ ಇರೋದು ಯಾವ್ದು, ಅಷ್ಟು ಹೇಳು."

ನನ್ನ ಕಣ್ಣು ಮುಚ್ಚಿಸಿ, ಲೋಟ ಅದಲುಬದಲು ಮಾಡಿ ಐದು ಸಲ ಬಾಯಿಗೆ ಬಿಟ್ಟರು. ಐದು ಸಲವೂ ನಾನು ಆರಿಸಿದ್ದು ಎರಡನೇ ಚೀಲದ ನೀರನ್ನೇ. ಜೀವನದಲ್ಲಿ ಬೇರಾವ ವಿಷಯದಲ್ಲೂ ನಾನು ಇಷ್ಟು ಗಟ್ಟಿಯಾಗಿ ನಿಂತದ್ದಿಲ್ಲ. ಅದೇ ಪುಡಿಯ ಲೋಡು ತರಿಸಿ, ಮೂರು ನೀರಿನಲ್ಲಿ ತೊಳೆಸಿ, ಸಸಿ ನೆಡಿಸಿದರು.

ಮೂರು ವಾರ ಬಿಟ್ಟು ಹೋದಾಗ ಭಾವ ಮಂಡಿಯೂರಿ ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದರು. ಅಂಚಿನವರೆಗೂ ಹಸಿರು. ಮಾಲೀಕರು ಬಂದರು, ಸಾಲುಗಳ ನಡುವೆ ಒಂದು ಸುತ್ತು ಹಾಕಿದರು, ತುಟಿ ಬಿಚ್ಚದೆ ಹೊರಟುಹೋದರು.

"ನೋಡಿದ್ಯಾ, ಎಷ್ಟು ಹೊಗಳಿಬಿಟ್ರು" ಅಂದರು ಭಾವ.