ಮೇಕೆಗಳ ಪಾಲಿನ ಉಪ್ಪು

ಕ್ರೆಸೆನ್ಸಿಯಾಳನ್ನು ನಮ್ಮ ಕಣಿವೆಯಲ್ಲಿ ಯಾರೂ ಇಷ್ಟಪಡುತ್ತಿರಲಿಲ್ಲ. ಅವಳೂ ಯಾರನ್ನೂ ಇಷ್ಟಪಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಸ್ವಿಟ್ಜರ್ಲೆಂಡಿನ ವಾಲಿಸ್ ಬೆಟ್ಟಗಳ ನಡುವಿನ ಆ ಊರಿನಲ್ಲಿ ಸರ್ಕಾರದ ಉಪ್ಪನ್ನು ಮಾರುವ ಹಕ್ಕು ಅವಳೊಬ್ಬಳಿಗೇ ಇತ್ತು. ನಾನು ಅಲ್ಲಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು. ಉಪ್ಪಿಗೆಂದು ಅವಳ ಮುಂದೆ ನಿಂತಾಗಲೆಲ್ಲ ಬೈಸಿಕೊಂಡೇ ಬಂದವನು.

ಅವಳ ಕತ್ತಿನಲ್ಲಿ ಮುಷ್ಟಿಗಾತ್ರದ ಗಳಗಂಡವಿತ್ತು. ಅದೇನೂ ಹೆಚ್ಚುಗಾರಿಕೆಯಲ್ಲ. ನನ್ನ ಶಾಲೆಯ ಐವತ್ತು ಮಕ್ಕಳಲ್ಲಿ ನಲವತ್ತು ಮಕ್ಕಳ ಕತ್ತು ಊದಿತ್ತು, ನನ್ನದೂ ಊದಿತ್ತು. ಗಂಡಸರಂತೂ ಅದನ್ನು ದೇವರ ವರವೆಂದೇ ತಿಳಿದಿದ್ದರು. ಸಮವಸ್ತ್ರದ ಕಾಲರಿನ ಗುಂಡಿ ಹಾಕಲು ಬಾರದವನನ್ನು ಸೈನ್ಯದವರು ಮನೆಗೆ ಕಳುಹಿಸುತ್ತಿದ್ದರು. ಮಹಾಯುದ್ಧದ ನಾಲ್ಕು ವರ್ಷವೂ ಅವಳ ತಮ್ಮ ಥಿಯೋಡುಲ್ ಗಡಿ ಕಾಯದೆ ಮನೆಯಲ್ಲೇ ಚೀಸ್ ಮಾಡಿಕೊಂಡಿದ್ದದ್ದು ಈ ಗಂಟಿನ ಕೃಪೆಯಿಂದ.

ಆ ಗಂಟಿನ ಇನ್ನೊಂದು ಮುಖ ಕ್ರೆಸೆನ್ಸಿಯಾಳ ಮನೆಯಲ್ಲಿತ್ತು. ಮಗಳು ಜೆನೊವೇವಾಗೆ ಇಪ್ಪತ್ತೆರಡು ವರ್ಷ. ಎತ್ತರ ಎಂಟು ವರ್ಷದವಳಷ್ಟು. ಕಿವಿ ಕೇಳಿಸದು, ಮಾತು ಬಾರದು.

ಯುದ್ಧ ಮುಗಿದ ಎರಡನೆಯ ವರ್ಷ ಅಕ್ಟೋಬರಿನಲ್ಲಿ ಡಾಕ್ಟರ್ ಲಾಗ್ಗರ್ ಹೇಸರಗತ್ತೆಯ ಮೇಲೆ ಉಪ್ಪು ಹೇರಿಕೊಂಡು ಬಂದರು. ಸಲಿಕೆಯಿಂದ ತಾವೇ ಅಯೋಡಿನ್ ಬೆರೆಸಿದ ಉಪ್ಪು. ಒಂದು ಚಳಿಗಾಲ ಅದನ್ನು ಪ್ರತಿ ಮನೆಗೂ ಬಿಟ್ಟಿ ಹಂಚಬೇಕೆಂದು ಕ್ರೆಸೆನ್ಸಿಯಾಳನ್ನು ಕೇಳಿದರು; ಅವಳು ಒಪ್ಪಿದಳು. ಗಂಟಲಿನ ಗ್ರಂಥಿ ರಕ್ತಕ್ಕೆ ಒಂದು ರಸ ಬಿಡುತ್ತದೆ. ಆ ರಸವಿಲ್ಲದೆ ಮೂಳೆ ಬೆಳೆಯದು, ಬಸಿರೊಳಗಿನ ಕೂಸಿನ ಮಿದುಳೂ ಕಿವಿಯೂ ಬಲಿಯವು. ರಸಕ್ಕೆ ಅಯೋಡಿನ್ ಬೇಕು, ಅದು ನಮ್ಮ ಮಣ್ಣಿನಲ್ಲಿಲ್ಲ ಎಂದು ವಿವರಿಸಿದರು. ಮುಂದೆ ನಾನು ಇದನ್ನೇ ಮಕ್ಕಳಿಗೆ ಹೀಗೆ ಹೇಳುತ್ತಿದ್ದೆ: ತಲೆಯೊಳಗೆ ಬಟಾಣಿ ಕಾಳಿನಷ್ಟು ಇನ್ನೊಂದು ಗ್ರಂಥಿ ಮೇಸ್ತ್ರಿಯಂತೆ ಕುಳಿತಿದೆ. ರಸ ಕಡಿಮೆಯಾದರೆ 'ಇನ್ನೂ ಮಾಡು, ಇನ್ನೂ ಮಾಡು' ಎಂದು ಆಜ್ಞೆ ಕಳುಹಿಸುತ್ತಲೇ ಇರುತ್ತದೆ. ಸಾಮಗ್ರಿಯಿಲ್ಲದ ಗಂಟಲ ಗ್ರಂಥಿ ಏನು ಮಾಡೀತು? ಹಾಲಿಲ್ಲದವನು ಹಂಡೆಯ ಮೇಲೆ ಹಂಡೆ ಕೊಂಡಂತೆ, ತಾನೇ ದಪ್ಪವಾಗುತ್ತದೆ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮುಂದೆ ಜಗಳವಾಯಿತು.

"ಕತ್ತಿಗೆ ಗಂಟೆ ಕಟ್ಟಿಕೊಂಡ ಹಸು ನಮಗೆ ಔಷಧಿ ಹಂಚೋಕೆ ಬಂದಿದೆ," ಎಂದ ಥಿಯೋಡುಲ್.

"ಹಸುಗೆ ಗಂಟೆ ಕಟ್ಟೋದು ದಾರಿ ತಪ್ಪಿದ ಕತ್ತೆಗಳಿಗೆ ಕೇಳಿಸ್ಲಿ ಅಂತ ಕಣೋ," ಎಂದಳು ಕ್ರೆಸೆನ್ಸಿಯಾ.

"ಇದನ್ನ ತಿಂದು ನಾಳೆ ಹುಟ್ಟೋ ನನ್ನ ಮಗನ ಕತ್ತು ಸಣ್ಣ ಆದ್ರೆ ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರೆ. ನೀನು ಬಿಡಿಸ್ಕೊಂಡು ಬರ್ತೀಯಾ?"

"ಮೊದಲು ಕೂಗಿದ್ದು ಕೇಳಿಸೋ ಮಗ ಹುಟ್ಲಿ."

ಮದುವೆಯಾಗಿ ಏಳು ವರ್ಷಕ್ಕೆ ಥಿಯೋಡುಲನ ಹೆಂಡತಿ ಫಿಲೋಮೆನಾ ಎರಡು ತಿಂಗಳ ಬಸುರಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನು ಅಕ್ಕನ ಮೇಲೆ ಕೈ ಎತ್ತಿದ. ನಾನೂ ಪಾದ್ರಿಗಳೂ ಹಿಡಿದುಕೊಂಡೆವು. ಮರುದಿನ ಬೆಳಗ್ಗೆ ಉಪ್ಪಿನಂಗಡಿಯ ಬಾಗಿಲಿಗೆ ಸಗಣಿ ಮೆತ್ತಿತ್ತು. ಕ್ರೆಸೆನ್ಸಿಯಾ ಅದನ್ನು ಕೆರೆದು ಆಲೂಗಡ್ಡೆ ಪಾತಿಗೆ ಹಾಕಿ, "ಇನ್ನೂ ಎರಡು ಬುಟ್ಟಿ ಬೇಕಾಗಿತ್ತು," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಬಿಟ್ಟಿ ಬಂದದ್ದನ್ನು ಬಿಡುವ ಊರಲ್ಲ ನಮ್ಮದು. ವಿಷವೆಂದು ಬೈದವರೂ ತಮ್ಮ ಪಾಲನ್ನು ಒಯ್ದರು; ಒಯ್ದು ಮೇಕೆಗಳಿಗೆ ನೆಕ್ಕಿಸಿದರು. ಮನುಷ್ಯರಿಗೆಂದು ಥಿಯೋಡುಲ್ ಕಣಿವೆಯಾಚೆಯಿಂದ ಬರಿಯ ಉಪ್ಪನ್ನು ಬೆನ್ನ ಮೇಲೆ ಹೊತ್ತು ತಂದ.

ನವೆಂಬರಿನಲ್ಲಿ ಫಿಲೋಮೆನಾ ಚೀಲ ಹಿಡಿದು ಅಂಗಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಎಷ್ಟೋ ವರ್ಷಗಳ ಮೇಲೆ ಅವಳೇ ನನಗೆ ಹೇಳಿದಳು.

"ಮೇಕೆಗೆ ಕೊಡಿ ಅತ್ತಿಗೆ. ಹಾಗೇ ಕೇಳು ಅಂದಿದ್ದಾರೆ."

"ನಿನ್ನ ಗಂಡನಿಗಿಂತ ಮೇಕೆನೇ ವಾಸಿ. ಮುಂದೆ ಹಿಡಿದ್ರೆ ನೆಕ್ಕುತ್ತೆ."

ಅಷ್ಟರಲ್ಲಿ ಜೆನೊವೇವಾ ಬಂದು ಫಿಲೋಮೆನಾಳ ಸೊಂಟ ತಬ್ಬಿಕೊಂಡಳು. ಫಿಲೋಮೆನಾ ಬೆಚ್ಚಿ ಹಿಂದೆ ಸರಿದಳು.

"ಸರೀಬೇಡ ಕಣೆ," ಎಂದಳು ಕ್ರೆಸೆನ್ಸಿಯಾ. "ಇವಳನ್ನ ಹೊತ್ತಾಗ ನನಗೆ ಯಾರೂ ಹೇಳ್ಲಿಲ್ಲ. ನಿನಗೆ ನಾನು ಹೇಳ್ತಿದೀನಿ."

"ಅವರಿಗೆ ಗೊತ್ತಾದ್ರೆ ಸುಮ್ನಿರಲ್ಲ."

"ಮೇಕೆ ಉಪ್ಪಿನ ಡಬ್ಬಿ ಎಲ್ಲಿರುತ್ತೆ?"

"ಕೊಟ್ಟಿಗೇಲಿ."

"ಹಾಲು ಕರೆಯೋರು ಯಾರು?"

"ನಾನೇ."

"ಮತ್ತೆ ನನ್ನನ್ನೇನು ಕೇಳ್ತೀಯ, ಹೋಗು."

ಆ ಚಳಿಗಾಲವೆಲ್ಲ ಥಿಯೋಡುಲನ ಮನೆಯ ಗಂಜಿಗೆ ಬಿದ್ದದ್ದು ಕೊಟ್ಟಿಗೆಯ ಉಪ್ಪು.

ನಮ್ಮಲ್ಲಿ ಮೇಕೆಮರಿಗಳು ಎಷ್ಟೋ ಸಲ ಗಂಟಲು ಊದಿ, ಮೈಮೇಲೆ ಕೂದಲಿಲ್ಲದೆ ಹುಟ್ಟಿ ಸಾಯುತ್ತಿದ್ದವು. ಆ ಮಾರ್ಚಿನಲ್ಲಿ ಥಿಯೋಡುಲನ ಐದು ಮರಿಗಳೂ ತುಂಬು ಕೂದಲಿನಿಂದ ಹುಟ್ಟಿ, ಕತ್ತು ನೀಡಿ ಅರಚಿದವು. ಅವನು ಯಾರಿಗೂ ಹೇಳಲಿಲ್ಲ. ಆದರೆ ಮರಿಗಳ ಬಾಯಿ ಕಟ್ಟುವವರಾರು? ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಅಗಾಥಾ ಎಂದು ಹೆಸರಿಟ್ಟರು. ಅದಕ್ಕೆ ಕಿವಿ ಕೇಳಿಸುವುದೋ ಇಲ್ಲವೋ ಎಂದು ಪರೀಕ್ಷಿಸಲು ತಂದೆತಾಯಿ ಇಬ್ಬರಿಗೂ ಧೈರ್ಯ ಬರಲಿಲ್ಲ. ಜುಲೈನಲ್ಲಿ ಒಂದು ದಿನ ತೊಟ್ಟಿಲ ಹಿಂದೆ ಥಿಯೋಡುಲನ ಕೈಯಿಂದ ಹಾಲಿನ ಕ್ಯಾನು ಜಾರಿ ಬಿತ್ತು. ಮಗು ಬೆಚ್ಚಿಬಿದ್ದು ಕಿರುಚಿತು. ಫಿಲೋಮೆನಾ ಅಳುತ್ತ ನಗುತ್ತ ಎಲ್ಲವನ್ನೂ ಹೇಳಿಬಿಟ್ಟಳು.

ಅವನು ನೇರವಾಗಿ ಅಂಗಡಿಗೆ ಬಂದಾಗ ನಾನು ಅಲ್ಲಿದ್ದೆ. ಒಂಬತ್ತು ತಿಂಗಳಿನಿಂದ ಅವನು ಅಕ್ಕನ ಮುಖ ನೋಡಿರಲಿಲ್ಲ.

"ನನ್ನ ಗಂಜಿಗೆ ಕೈ ಹಾಕಿದೆ ನೀನು."

"ಹಾಕಿದೆ."

"ನನ್ನ ಹೆಂಡ್ತಿಗೆ ಕಳ್ಳತನ ಕಲಿಸಿದೆ."

"ಕಲಿಸಿದೆ. ಕೂಸಿಗೆ ಕಿವಿ ಕೇಳಿಸುತ್ತಾ?"

ಅವನು ಜೆನೊವೇವಾಳತ್ತ ನೋಡಿದ. ಆಮೇಲೆ ಬಗಲಿನಿಂದ ಖಾಲಿ ಚೀಲ ತೆಗೆದು ಹಲಗೆಯ ಮೇಲೆ ಎಸೆದು, "ಮೇಕೆಗೆ," ಎಂದ.

ಅಕ್ಕತಮ್ಮಂದಿರ ನಡುವೆ ಮುಂದೆ ಉಳಿದದ್ದು ಆ ಒಂದೇ ಮಾತು. ಅಯೋಡಿನ್ ಉಪ್ಪು ಮುಂದೆ ಅಂಗಡಿಯಲ್ಲಿ ಮಾರಾಟಕ್ಕೂ ಬಂತು. ಅಗಾಥಾ ನನ್ನ ತರಗತಿಗೆ ಬಂದಳು. ಅವಳ ಬಾಯಿ ಮುಚ್ಚಿಸುವುದೇ ನನಗೆ ಕೆಲಸವಾಯಿತು. ಥಿಯೋಡುಲ್ ವಯಸ್ಸಾಗಿ ಕೊನೆಯ ಮೇಕೆಯನ್ನೂ ಮಾರಿಬಿಟ್ಟ. ಆಮೇಲೂ ಹನ್ನೊಂದು ವರ್ಷ ಪ್ರತಿ ತಿಂಗಳೂ ಚೀಲ ತಂದು ಹಲಗೆಯ ಮೇಲೆ ಎಸೆದು "ಮೇಕೆಗೆ" ಎನ್ನುತ್ತಿದ್ದ. ಊರಿನವರ ಒಂದು ತಪ್ಪನ್ನೂ ಎತ್ತಿ ಆಡದೆ ಬಿಡದ ಕ್ರೆಸೆನ್ಸಿಯಾ, ಯಾವ ಮೇಕೆಗೆ ಎಂದು ಒಮ್ಮೆಯೂ ಕೇಳದೆ ಚೀಲ ತುಂಬಿ ಕೊಡುತ್ತಿದ್ದಳು.